ಸಿಂಹದ ಫೋಟೊ ಎಲ್ಲಿ ಹೋಯಿತು?



ಈ ವಾರ ನನ್ನ ಕೈಚೀಲದಿಂದ ತೆಗೆಯುತ್ತಿರುವ ವಸ್ತು ಒಂದು ಅಂಚೆ ಚೀಟಿಯಷ್ಟು ದೊಡ್ಡದು. ಕಪ್ಪು ಬಣ್ಣ. ಒಂದು ಮೂಲೆ ಕತ್ತರಿಸಿದ ಹಾಗಿದೆ. ಹಿಂಬದಿಯಲ್ಲಿ ಚಿನ್ನದ ಬಣ್ಣದ ಪುಟ್ಟ ಪಟ್ಟಿಗಳಿವೆ. ಇದು ಕ್ಯಾಮೆರಾದೊಳಗೆ ಹಾಕುವ ಮೆಮೊರಿ ಕಾರ್ಡು. ಇದರ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ನಾನೊಂದು ಚುಕ್ಕೆ ಇಟ್ಟಿದ್ದೇನೆ. ಆ ಚುಕ್ಕೆ ಏಕೆ ಬಂತು ಎನ್ನುವುದೇ ಇವತ್ತಿನ ಕತೆ. ಕತೆಯಲ್ಲಿ ತಪ್ಪು ಮಾಡಿದವಳು ನಾನೇ. ಆದ್ದರಿಂದ ಯಾರೂ ಹೆದರದೆ ಓದಬಹುದು.

ದಸರೆಗೆ ಊರೂರಿನಿಂದ ಜನ ಮೈಸೂರಿಗೆ ಬರುತ್ತಾರೆ. ನಾವು ಅದೇ ದಸರೆ ರಜೆಯಲ್ಲಿ ಮೈಸೂರು ಬಿಟ್ಟು ಹೊರಟೆವು. ನಾನು, ನಮ್ಮ ಮನೆಯವರು ಮತ್ತು ಮಗನ ಮಗಳು ಪುಟ್ಟಿ. ಪುಟ್ಟಿ ಆರನೇ ತರಗತಿ. ಹೊರಟದ್ದು ಆಫ್ರಿಕಾದ ಕೆನ್ಯಾ ದೇಶಕ್ಕೆ. ನನ್ನ ಮಗಳು, ಅಳಿಯಂದಿರು ಅಲ್ಲಿನ ರಾಜಧಾನಿ ನೈರೋಬಿಯಲ್ಲಿದ್ದಾರೆ. ಅವರ ಜೊತೆ ನಾಲ್ಕು ದಿನ ಮಸಾಯಿ ಮಾರಾ ಎಂಬ ಅಭಯಾರಣ್ಯ ನೋಡುವುದು ಎಂದು ತೀರ್ಮಾನವಾಗಿತ್ತು. 'ಸಫಾರಿ' ಎನ್ನುವುದು ಅಲ್ಲಿನ ಸ್ವಾಹಿಲಿ ಭಾಷೆಯ ಮಾತು. ಅದರ ಅರ್ಥ ಪ್ರಯಾಣ, ಅಷ್ಟೇ. ಅದು ಅರಬ್ಬಿಯಿಂದ ಸ್ವಾಹಿಲಿಗೆ ಹೋದದ್ದು. ನಮ್ಮಲ್ಲಿ ಹಿಂದಿ ಹಾಡುಗಳಲ್ಲಿ ಕೇಳುವ 'ಸಫರ್' ಕೂಡ ಅದರ ನೆಂಟನೇ.

ಹೊರಡುವ ವಾರ ನಮ್ಮ ಊಟದ ಮೇಜಿನ ಮೇಲೆ ಅನ್ನ ಸಾರಿಗೆ ಜಾಗವಿರಲಿಲ್ಲ. ಮೂರು ಫೋನು, ಮೂರು ಚಾರ್ಜರು, ಪುಟ್ಟಿಯ ಅಪ್ಪನ ಹಳೆಯ ಕ್ಯಾಮೆರಾ, ಅದರ ಎರಡು ಬ್ಯಾಟರಿ, ಒಂದು ಪವರ್ ಬ್ಯಾಂಕು, ಒಂದೇ ಥರದ ಎರಡು ಮೆಮೊರಿ ಕಾರ್ಡು, ಮತ್ತು ನಮ್ಮ ಮನೆಯವರ ಕಿವಿಯ ಯಂತ್ರ. ಅವರ ಹಿಯರಿಂಗ್ ಏಡ್ ಹೊಸ ಬಗೆಯದು. ಸೆಲ್ ಬದಲಾಯಿಸುವ ಹಾಗಿಲ್ಲ. ರಾತ್ರಿ ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡಬೇಕು. ಮಾಡದಿದ್ದರೆ ಮರುದಿನ ತಾತನಿಗೆ ಆನೆ ಘೀಳಿಟ್ಟರೂ ಕೇಳದು.

ಮಗಳು ಫೋನಿನಲ್ಲಿ ಎರಡು ಎಚ್ಚರಿಕೆ ಕೊಟ್ಟಳು. ಮೊದಲನೆಯದು, "ಅಮ್ಮ, ಧೂಳಿಗೆ ಅಂತ ಪ್ಲಾಸ್ಟಿಕ್ ಕವರ್ ತರಬೇಡ." ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನ, ಕಡಲತೀರಗಳಿಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಯನ್ನೂ ಒಯ್ಯುವಂತಿಲ್ಲ. ಸರಿ, ನಾನು ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ, ಬಾಯಿಗೆ ಲಾಡಿ ಹಾಕಿದ ಐದು ಪುಟ್ಟ ಚೀಲ ಹೊಲಿದೆ. ಕ್ಯಾಮೆರಾಕ್ಕೆ ಎರಡು ಪದರದ್ದು. ಮಾರಾದ ಕೆಮ್ಮಣ್ಣಿನ ಧೂಳಿಗೆ ಅದು ಎಷ್ಟು ಚೆನ್ನಾಗಿ ಒದಗಿತೆಂದರೆ, ಅಳಿಯಂದಿರು ತಮಗೂ ಒಂದು ಹೊಲಿಸಿಕೊಂಡರು.

ಎರಡನೆಯ ಎಚ್ಚರಿಕೆ, ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಒಮ್ಮೊಮ್ಮೆ ಬೆಂಕಿ ಹೊತ್ತಿಕೊಳ್ಳುತ್ತದೆ. ಪ್ರಯಾಣಿಕರ ನಡುವೆ ಹೊತ್ತಿದರೆ ಕೂಡಲೇ ಆರಿಸಬಹುದು. ವಿಮಾನದ ಹೊಟ್ಟೆಯಲ್ಲಿ ಪೆಟ್ಟಿಗೆಗಳ ನಡುವೆ ಹೊತ್ತಿದರೆ ಯಾರು ನೋಡುತ್ತಾರೆ? ಇದಕ್ಕೊಂದು ಮಿತಿಯೂ ಇದೆ, 100 ವ್ಯಾಟ್ ಅವರ್. ಅದಕ್ಕಿಂತ ದೊಡ್ಡದಿದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ನಮ್ಮ ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದು ಬರೆದಿತ್ತು. ಪುಟ್ಟಿ ಕಾಗದ ಪೆನ್ಸಿಲು ತಂದು ಲೆಕ್ಕ ಹಾಕಿದಳು. 20,000ವನ್ನು 1,000ದಿಂದ ಭಾಗಿಸಿದರೆ 20. ಅದನ್ನು ಒಳಗಿನ ಸೆಲ್‌ನ 3.7 ವೋಲ್ಟ್‌ನಿಂದ ಗುಣಿಸಿದರೆ 74. "ಪಾಸ್!" ಎಂದಳು. ನಿಮ್ಮ ಮನೆಯ ಪವರ್ ಬ್ಯಾಂಕಿಗೂ ಈ ಲೆಕ್ಕ ಹಾಕಿ ನೋಡಿ.

ಈ ಲಿಥಿಯಂ ಅಯಾನ್ ಬ್ಯಾಟರಿ ಕಂಡುಹಿಡಿಯಲು ಕಾರಣರಾದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. ನೊಬೆಲ್ ಪಡೆದವರಲ್ಲೇ ಅತಿ ಹಿರಿಯರು. ನನ್ನ ವಯಸ್ಸಿನವರು 'ಇನ್ನೇನು ಕಲಿಯೋದು ಬಿಡಿ' ಎನ್ನುವ ಮೊದಲು ಇದನ್ನು ನೆನೆಯಬೇಕು. ಈ ಮಾತು ನನಗೂ ಸೇರಿಸಿಯೇ ಹೇಳಿದ್ದು.

ಮುಂಬೈಯಿಂದ ನೈರೋಬಿಗೆ ಸುಮಾರು ಆರು ಗಂಟೆಯ ವಿಮಾನ. ಅಲ್ಲಿಂದ ಮಾರಾಕ್ಕೆ ಕಾರಿನಲ್ಲಿ ಇನ್ನೊಂದು ಆರು ಗಂಟೆ. ದಾರಿಯಲ್ಲಿ ರಿಫ್ಟ್ ಕಣಿವೆ ಕಾಣುವ ಕಡೆ ನಿಲ್ಲಿಸಿ ಚಹಾ ಕುಡಿದೆವು. ಸ್ವಾಹಿಲಿಯಲ್ಲೂ ಅದು 'ಚಾಯ್' ಎಂದೇ. ಕೆಳಗೆ ಭೂಮಿ ಬಿರಿದು ಕುಸಿದ ಹಾಗೆ ಕಾಣುವ ಆ ಕಣಿವೆಯ ಮುಂದೆ ತಾತ ಲೋಟ ಹಿಡಿದು ನಿಂತಿದ್ದರು. ಪುಟ್ಟಿ ಮೊದಲ ಫೋಟೊ ತೆಗೆದದ್ದು ಅದನ್ನೇ. ಈ ಫೋಟೊವನ್ನು ನೆನಪಿಡಿ.

ನಮ್ಮ ಬಿಡಾರ ದಪ್ಪ ಬಟ್ಟೆಯ ಡೇರೆಗಳದ್ದು. ಒಳಗೆ ಮಂಚ, ಹಾಸಿಗೆ, ಬಿಸಿನೀರು ಎಲ್ಲ ಇತ್ತು. ಕರೆಂಟಿನ ಪ್ಲಗ್ ಮಾತ್ರ ಇರಲಿಲ್ಲ. ಹತ್ತಿರದಲ್ಲೆಲ್ಲೂ ಕರೆಂಟಿನ ತಂತಿಯೇ ಬಂದಿಲ್ಲ. ಹಗಲು ಸೂರ್ಯನಿಂದ ವಿದ್ಯುತ್ತು, ಸಂಜೆ ಆರೂವರೆಯಿಂದ ಹತ್ತರವರೆಗೆ ಮತ್ತು ಬೆಳಿಗ್ಗೆ ಎರಡು ಗಂಟೆ ಜನರೇಟರು. ಚಾರ್ಜ್ ಮಾಡಬೇಕೆಂದರೆ ಊಟದ ಡೇರೆಗೆ ಹೋಗಬೇಕು. ಅಲ್ಲೊಂದು ಉದ್ದ ಬೆಂಚು. ಅದರ ಮೇಲೆ ಬಿಡಾರದಲ್ಲಿದ್ದ ಎಲ್ಲರ ಫೋನು, ಕ್ಯಾಮೆರಾ ಬ್ಯಾಟರಿ ಸಾಲಾಗಿ ಮಲಗಿದ್ದವು. ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿಗಳಿರುವ ಹಾಗೆ. ಎಲ್ಲ ಚಾರ್ಜರೂ ಕಪ್ಪು, ಇಲ್ಲವೇ ಬಿಳಿ. ನಮ್ಮದು ಯಾವುದು ಎಂದು ಗೊತ್ತಾಗಲು ಪುಟ್ಟಿ ತನ್ನ ಜಡೆಯ ಹಳದಿ ರಿಬ್ಬನ್ ಕತ್ತರಿಸಿ ಒಂದೊಂದಕ್ಕೂ ಒಂದೊಂದು ತುಂಡು ಕಟ್ಟಿದಳು.

ಕೆನ್ಯಾದ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ಇಂಗ್ಲೆಂಡಿನಲ್ಲಿರುವ ಹಾಗೆ. ನಮ್ಮ ದುಂಡು ಕಡ್ಡಿಗಳು ಅದರಲ್ಲಿ ಹೋಗುವುದಿಲ್ಲ. ಆ ಪ್ಲಗ್ಗಿನ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಗೆ ಹೋಗಿ, ಉಳಿದೆರಡು ತೂತುಗಳಿಗೆ ಅಡ್ಡವಿರುವ ಪುಟ್ಟ ಬಾಗಿಲನ್ನು ತೆರೆಯುತ್ತದೆ. ಮಕ್ಕಳು ಬೆರಳು, ಕಡ್ಡಿ ಹಾಕಬಾರದೆಂದು ಮಾಡಿದ ಉಪಾಯ. (ಪೆನ್ನಿನಿಂದ ಆ ಬಾಗಿಲು ತೆರೆದು ನಮ್ಮ ಪ್ಲಗ್ ತುರುಕುವವರಿದ್ದಾರೆ. ಹಾಗೆ ಖಂಡಿತ ಮಾಡಬೇಡಿ.) ನಾವು ಒಂದೇ ಒಂದು ಅಡಾಪ್ಟರ್ ಒಯ್ದಿದ್ದೆವು. ಜೊತೆಗೆ ಮೈಸೂರಿನ ಎಕ್ಸ್‌ಟೆನ್ಷನ್ ಬೋರ್ಡು. ಅಡಾಪ್ಟರನ್ನು ಗೋಡೆಗೆ, ಬೋರ್ಡನ್ನು ಅಡಾಪ್ಟರಿಗೆ ಹಾಕಿದರೆ ನಮ್ಮ ನಾಲ್ಕು ಪ್ಲಗ್ಗಿಗೂ ಜಾಗ. ಅಡಾಪ್ಟರ್ ಕಡ್ಡಿಯ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ನಮ್ಮಲ್ಲಿ 230 ವೋಲ್ಟ್, ಅಲ್ಲಿ 240. ಆದ್ದರಿಂದ ತೊಂದರೆಯಿಲ್ಲ.

ನಾನು ಫಿಲ್ಟರ್ ಕಾಫಿಗೆಂದು ಪುಟ್ಟ ಎಲೆಕ್ಟ್ರಿಕ್ ಕೆಟಲನ್ನೂ ಒಯ್ದಿದ್ದೆ. ಬೆಂಚಿನ ಬಳಿ ಅದನ್ನು ನೋಡಿದ ಬಿಡಾರದ ಹುಡುಗ ಕೈಮುಗಿಯದ ಕುರಿ... ಅಲ್ಲ, ಕೈ ಮುಗಿಯುವುದೊಂದು ಬಾಕಿ! "ಮಾಮಾ, ಇದು ಬೇಡ" ಎಂದ. ಅಲ್ಲಿ 'ಮಾಮಾ' ಎಂದರೆ ಅಮ್ಮ. ಅಳಿಯಂದಿರು ಕಾರಣ ಹೇಳಿದರು. "ಅತ್ತೆ, ಫೋನು ಚಾರ್ಜ್ ಆಗಲು ಸುಮಾರು 15 ವ್ಯಾಟ್ ಸಾಕು. ಈ ಕೆಟಲಿಗೆ 1,500 ವ್ಯಾಟ್ ಬೇಕು. ನೀವು ಒಂದು ಲೋಟ ನೀರು ಕಾಯಿಸುವಾಗ ನೂರು ಫೋನು ಒಟ್ಟಿಗೆ ಹಾಕಿದ ಹಾಗೆ." ಕೆಟಲ್ ಮತ್ತೆ ಪೆಟ್ಟಿಗೆಯೊಳಗೆ ಹೋಯಿತು. ಅಡುಗೆಮನೆಯಿಂದ ಬಿಸಿನೀರು ಫ್ಲಾಸ್ಕಿನಲ್ಲಿ ಬಂತು. ಕಾಫಿಗೇನೂ ಕೊರತೆಯಾಗಲಿಲ್ಲ.

ನೀರು ವಾರಕ್ಕೆರಡು ಸಲ ಬರುವ ಮನೆಯಲ್ಲಿ ಬೆಳೆದವಳು ನಾನು. ಹಂಡೆ ಯಾವುದಕ್ಕೆ, ಕೊಡ ಯಾವುದಕ್ಕೆ ಎಂಬ ಲೆಕ್ಕ ಗೊತ್ತು. ಕರೆಂಟಿಗೂ ಹಾಗೆಯೇ ಸರದಿ ಮಾಡಿದೆ. ಮೊದಲು ತಾತನ ಕಿವಿ, ಆಮೇಲೆ ಕ್ಯಾಮೆರಾ, ಆಮೇಲೆ ಫೋನು, ಕೊನೆಗೆ ಪುಟ್ಟಿಯ ಆಟ. ಕಾಡಿನಲ್ಲಿ ಎಲ್ಲರ ಫೋನನ್ನೂ ಏರೋಪ್ಲೇನ್ ಮೋಡಿಗೆ ಹಾಕಿಟ್ಟೆವು. ಸಿಗ್ನಲ್ ಸರಿಯಾಗಿ ಸಿಗದ ಕಡೆ ಫೋನು ಟವರನ್ನು ಹುಡುಕಿ ಹುಡುಕಿಯೇ ಸುಸ್ತಾಗುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆಂದು ಹೆಚ್ಚಿನ ಬ್ಯಾಟರಿಯನ್ನು ನನ್ನ ಶಾಲಿನ ಒಳಗೆ, ಮೈಗೆ ತಾಗುವ ಹಾಗೆ ಇಟ್ಟುಕೊಂಡೆ. ಜೀಪಿನಲ್ಲಿ ಸಿಗರೇಟ್ ಹೊತ್ತಿಸುವ ಜಾಗದ 12 ವೋಲ್ಟ್ ಪ್ಲಗ್ ಇತ್ತು. ಗಾಡಿ ಓಡುವಾಗ ಅದರಿಂದಲೂ ಸ್ವಲ್ಪ ಸ್ವಲ್ಪ ತುಂಬಿಕೊಂಡೆವು. ಇನ್ನೊಂದು ಮಾತು. 20,000ದ ಪವರ್ ಬ್ಯಾಂಕು 5,000ದ ಫೋನನ್ನು ನಾಲ್ಕು ಸಲ ತುಂಬಿಸುತ್ತದೆಂದು ನಂಬಬೇಡಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಲು ಸುರಿಯುವಾಗ ಚೆಲ್ಲುವ ಹಾಗೆ ಇಲ್ಲೂ ಚೆಲ್ಲುತ್ತದೆ. ಎರಡೂವರೆ, ಹೆಚ್ಚೆಂದರೆ ಮೂರು ಸಲ.

ಎರಡನೆಯ ದಿನ ಮರೆಯಲಾಗದ್ದು. ನಮ್ಮ ಚಾಲಕ ಮಸಾಯಿ ಜನಾಂಗದವರು. "ಪೋಲೆ ಪೋಲೆ" ಎಂದು ಆಗಾಗ ಹೇಳುತ್ತಿದ್ದರು. ಪುಟ್ಟಿ "ಅಜ್ಜಿ, ಯಾರಿಗೆ ಪೋಲಿ ಅಂತಿದ್ದಾರೆ?" ಎಂದು ಕಣ್ಣರಳಿಸಿದಳು. 'ಪೋಲೆ ಪೋಲೆ' ಎಂದರೆ ನಿಧಾನ, ನಿಧಾನ. ಆ ನಿಧಾನಕ್ಕೆ ಫಲ ಸಿಕ್ಕಿತು. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಗೆದ್ದಲು ಹುತ್ತದ ಮೇಲೆ ಕೇಸರ ಹರವಿಕೊಂಡು ಕೂತ ಗಂಡು ಸಿಂಹ. ಮಧ್ಯಾಹ್ನ ಮಾರಾ ನದಿಯಲ್ಲಿ ವೈಲ್ಡ್‌ಬೀಸ್ಟ್‌ಗಳ ದಾಟುವಿಕೆ. ದನದ ಕೊಂಬು, ಮೇಕೆಯ ಗಡ್ಡ, ಕುದುರೆಯ ಬಾಲವಿರುವ ಪ್ರಾಣಿ ಅದು. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ವರ್ಷವರ್ಷವೂ ಟಾಂಜಾನಿಯಾದ ಸೆರೆಂಗೆಟಿ ಮತ್ತು ಈ ಮಾರಾ ನಡುವೆ ಹುಲ್ಲು ಹುಡುಕಿ ತಿರುಗುತ್ತವೆ. ನಾವು ಕಂಡದ್ದು ಕೆಲವು ನೂರು. ಅಷ್ಟಕ್ಕೇ ದಡ ನಡುಗಿತು. ಪುಟ್ಟಿಯ ಕ್ಯಾಮೆರಾ ಟಕಟಕ ಎನ್ನುತ್ತಲೇ ಇತ್ತು. ಸಂಜೆ ಬಿಡಾರಕ್ಕೆ ಬಂದಾಗ ಎರಡು ದಿನಕ್ಕೆ 1,140 ಫೋಟೊ, ಜೊತೆಗೆ ವಿಡಿಯೊ. ಕ್ಯಾಮೆರಾದ ಪರದೆಯ ಮೇಲೆ 'ಕಾರ್ಡ್ ಫುಲ್' ಎಂದು ಬಂದಿತ್ತು.

ಊಟವಾದ ಮೇಲೆ ತಾತ, ಮೊಮ್ಮಗಳು ಮಲಗಿದರು. ತಾತನ ಕಿವಿಯ ಯಂತ್ರ ಡಬ್ಬಿಯಲ್ಲಿತ್ತು. ಅವತ್ತು ಊಟದ ಡೇರೆಯ ಬೆಂಚಿನಲ್ಲಿ ಜಾಗ ಸಿಕ್ಕಿರಲಿಲ್ಲ. ಪವರ್ ಬ್ಯಾಂಕಿನಲ್ಲಿ ಒಂದೇ ಒಂದು ದೀಪ ಮಿಣುಕುತ್ತಿತ್ತು. ಪುಟ್ಟಿ ತನ್ನ ಫೋನಿನ ತಂತಿ ಕಿತ್ತು ತಾತನ ಡಬ್ಬಿಗೆ ಸಿಕ್ಕಿಸಿ ಮಲಗಿದ್ದಳು. ನಾನು ಬೆಳಗಿನ ತಯಾರಿಗೆ ಕೂತೆ. ಹೊಸ ಕಾರ್ಡು ಹಾಕಿದ ಮೇಲೆ ಕ್ಯಾಮೆರಾದಲ್ಲೇ ಒಮ್ಮೆ 'ಫಾರ್ಮ್ಯಾಟ್' ಮಾಡಬೇಕೆಂದು ಮಗ ಹೇಳಿಕೊಟ್ಟಿದ್ದ. ಹಳೆಯದನ್ನು ತೆಗೆದೆ. ಹೊಸದನ್ನು ತೆಗೆದೆ. ಎರಡನ್ನೂ ಮಂಚದ ಮೇಲಿಟ್ಟು ಕನ್ನಡಕ ಹುಡುಕಿದೆ, ಸಿಗಲಿಲ್ಲ. ಇರಲಿ ಎಂದು ಒಂದನ್ನು ಕ್ಯಾಮೆರಾಕ್ಕೆ, ಇನ್ನೊಂದನ್ನು ಚೀಲಕ್ಕೆ ಹಾಕಿದೆ. ಕ್ಯಾಮೆರಾ ಏನೋ ಕೇಳಿತು. 'ಓಕೆ' ಒತ್ತಿದೆ. ಸರಿಯಾಗಿದೆಯೇ ನೋಡೋಣವೆಂದು ಮೇಜಿನ ಮೇಲಿದ್ದ ಲಾಟೀನಿನ ಒಂದು ಫೋಟೊ ತೆಗೆದೆ.

ಆಮೇಲೆ ಕನ್ನಡಕ ಸಿಕ್ಕಿತು. ಚೀಲದಲ್ಲಿದ್ದ ಕಾರ್ಡಿನ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಅದು ಹೊಸದು. ಹಾಗಾದರೆ ನಾನು ಅಳಿಸಿದ್ದು ಯಾವುದನ್ನು?

ಕ್ಯಾಮೆರಾದಲ್ಲಿ ನೋಡಿದೆ. ಒಂದೇ ಚಿತ್ರವಿತ್ತು, ಲಾಟೀನಿನದ್ದು. ಸಿಂಹವಿಲ್ಲ, ನದಿಯಿಲ್ಲ, ತಾತನ ಚಹಾ ಇಲ್ಲ.

ಕೈ ತಣ್ಣಗಾಯಿತು. ನಿಜ ಹೇಳಬೇಕೆಂದರೆ, ಆಗ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಸುಮ್ಮನೆ ಇದ್ದುಬಿಡೋಣ ಅನ್ನಿಸಿತು. ಬೆಳಿಗ್ಗೆ ಅವಳೇ ನೋಡಿ 'ಕಾರ್ಡು ಕೆಟ್ಟುಹೋಗಿದೆ' ಎಂದುಕೊಳ್ಳುತ್ತಾಳೆ. ಅಜ್ಜಿಯನ್ನು ಯಾರು ಅನುಮಾನಿಸುತ್ತಾರೆ? ಕ್ಯಾಮೆರಾವನ್ನು ಆ ಕಾರ್ಡಿನ ಸಮೇತ ಚೀಲಕ್ಕೆ ಹಾಕಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ.

ರಾತ್ರಿ ಎಷ್ಟು ಹೊತ್ತಾಗಿತ್ತೋ, ದೂರದಲ್ಲಿ ಸಿಂಹ ಗರ್ಜಿಸಿತು. ಸಿನಿಮಾದಲ್ಲಿ ಕೇಳುವ ಹಾಗಲ್ಲ. ಭಾರವಾದ ಮಂಚವನ್ನು ಯಾರೋ ನೆಲದ ಮೇಲೆ ಎಳೆಯುವ ಹಾಗೆ, ಮತ್ತೆ ಮತ್ತೆ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದವರೆಗೆ ಕೇಳುತ್ತದಂತೆ. ಪಕ್ಕದ ಮಂಚದಲ್ಲಿ ಬೆಳಕು ಮೂಡಿತು. ಪುಟ್ಟಿ ಎದ್ದು ಕೂತು ಫೋನು ಹಿಡಿದಿದ್ದಳು.

"ಏನೇ ಮಾಡ್ತಿದ್ದೀಯ?" ಎಂದು ಪಿಸುಗುಟ್ಟಿದೆ.

"ಶ್! ತಾತನಿಗೆ ರೆಕಾರ್ಡ್ ಮಾಡ್ತಿದೀನಿ ಅಜ್ಜಿ. ಅವರ ಕಿವಿ ಡಬ್ಬೀಲಿದೆಯಲ್ಲ. ಆರು ಪರ್ಸೆಂಟ್ ಇದೆ."

ಮೂರು ಪರ್ಸೆಂಟಿಗೆ ಅವಳೇ ನಿಲ್ಲಿಸಿದಳು. ರೆಕಾರ್ಡ್ ಆಗುತ್ತಿರುವಾಗಲೇ ಫೋನು ಸತ್ತರೆ ಆ ಫೈಲು ಹಾಳಾಗಬಹುದು, ಮೊದಲೇ ನಿಲ್ಲಿಸಿ ಉಳಿಸಿಕೊಳ್ಳಬೇಕು ಎಂದಳು. ಫೋನು ಆರಿಸಿ ದಿಂಬಿನ ಕೆಳಗೆ ಇಟ್ಟಳು.

ಇದ್ದ ಕೊನೆಯ ಚೂರು ಕರೆಂಟನ್ನು ಆ ಮಗು ತಾತನಿಗಾಗಿ ಖರ್ಚು ಮಾಡಿತ್ತು. ನನ್ನ ಗಂಟಲು ಕಟ್ಟಿತು. ಕತ್ತಲಲ್ಲೇ ಹೇಳಿಬಿಟ್ಟೆ. "ಪುಟ್ಟಿ, ನಿನ್ನ ಫೋಟೊ ಎಲ್ಲ ನಾನು ಅಳಿಸಿಬಿಟ್ಟೆ ಕಣೇ. ಗೊತ್ತಿಲ್ಲದೆ ಆಯ್ತು. ನನ್ನದೇ ತಪ್ಪು."

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೂಗು ಎಳೆಯುವ ಸದ್ದು. "ಸಿಂಹದ್ದೂನಾ?" "ಹೂಂ." ಅಳು ಜೋರಾಯಿತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಸಮಾಧಾನದ ಮಾತು ಏನೂ ತೋಚಲಿಲ್ಲ. ಅಳು ನಿಂತ ಮೇಲೆ ಅವಳೇ ಕೇಳಿದಳು. "ಅಜ್ಜಿ, ಆ ಕಾರ್ಡು ಈಗ ಎಲ್ಲಿದೆ?"

"ಕ್ಯಾಮೆರಾದಲ್ಲೇ ಇದೆ."

ಪುಟ್ಟಿ ಮಂಚದಿಂದ ಹಾರಿದಳು. "ತೆಗೀರಿ, ತೆಗೀರಿ! ಅದರ ಮೇಲೆ ಇನ್ನೇನೂ ತೆಗೆಯಬಾರದು. ಡಿಲೀಟ್ ಆದದ್ದು ತಕ್ಷಣ ಹೋಗಲ್ಲ, ಅದರ ಮೇಲೆ ಬೇರೆ ಬರೆದಾಗ ಹೋಗುತ್ತೆ ಅಂತ ನಮ್ಮ ಕಂಪ್ಯೂಟರ್ ಮಿಸ್ ಹೇಳಿದಾರೆ!"

ಟಾರ್ಚಿನ ಬೆಳಕಿನಲ್ಲಿ ಕಾರ್ಡು ಹೊರಗೆ ತೆಗೆದೆವು. ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಜಾರಿಸುವ ಪುಟ್ಟ ಚಿಲಕವೊಂದಿರುತ್ತದೆ. ಅದನ್ನು ಕೆಳಗೆ ಎಳೆದರೆ ಕಾರ್ಡಿಗೆ ಬೀಗ. ಕ್ಯಾಮೆರಾ ಅದರ ಮೇಲೆ ಬರೆಯಲೂ ಆಗದು, ಅಳಿಸಲೂ ಆಗದು. ಪುಟ್ಟಿ ಬೀಗ ಹಾಕಿದಳು. ನಾನು ಅದನ್ನು ನನ್ನ ಕುಂಕುಮದ ಭರಣಿಯೊಳಗೆ ಇಡಲು ಹೋದೆ. "ಅಯ್ಯೋ, ಪುಡಿ ಹೋಗುತ್ತೆ" ಎಂದು ಅವಳು ಕಸಿದುಕೊಂಡು ಹೊಸ ಕಾರ್ಡಿನ ಡಬ್ಬಿಯಲ್ಲಿ ಹಾಕಿದಳು.

ಬೆಳಿಗ್ಗೆ ಅಳಿಯಂದಿರಿಗೆ ವಿಷಯ ತಿಳಿಸಿದಾಗ ಅವರು ಪುಟ್ಟಿಯ ಬೆನ್ನು ತಟ್ಟಿದರು. "ಇವಳು ಹೇಳಿದ್ದು ಸರಿ ಅತ್ತೆ. ನೀವು ರಾತ್ರಿಯೇ ಹೇಳಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ಇದೇ ಕಾರ್ಡಿನಲ್ಲಿ ಮುನ್ನೂರು ಫೋಟೊ ತೆಗೆದಿದ್ದರೆ ಹಳೆಯ ಮುನ್ನೂರು ಹೋಗುತ್ತಿದ್ದವು."

ಏಕೆ ಹಾಗೆ? ನಾನು ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಹಿಂದೆ ಗ್ರಂಥಾಲಯದಲ್ಲಿ ಸಣ್ಣ ಸಣ್ಣ ಡ್ರಾಯರುಗಳ ಬೀರು ಇರುತ್ತಿತ್ತು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಬರೆದ ಕಾರ್ಡುಗಳು ಅದರಲ್ಲಿ. ಯಾರೋ ಆ ಕಾರ್ಡುಗಳನ್ನೆಲ್ಲ ಬಿಸಾಡಿದರು ಎಂದುಕೊಳ್ಳಿ. ಪುಸ್ತಕಗಳು ಹೋದವೇ? ಇಲ್ಲ, ಕಪಾಟಿನಲ್ಲೇ ಇವೆ. ಹುಡುಕಲು ದಾರಿ ಮಾತ್ರ ಇಲ್ಲ. ಆದರೆ ಹೊಸದಾಗಿ ಬಂದ ಸಹಾಯಕನಿಗೆ ಪಟ್ಟಿಯೇ ಇಲ್ಲವಲ್ಲ, ಕಪಾಟು ಖಾಲಿ ಎಂದು ತಿಳಿದು ಹಳೆಯದನ್ನು ತೆಗೆದು ಆ ಜಾಗದಲ್ಲಿ ಹೊಸ ಪುಸ್ತಕ ಇಡುತ್ತಾ ಹೋಗುತ್ತಾನೆ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಈ ಪಟ್ಟಿ ಮಾತ್ರ. ಸಹಾಯಕ ಕೆಲಸ ಶುರು ಮಾಡುವ ಮುನ್ನ ತಡೆದರೆ ಪುಸ್ತಕಗಳು ಉಳಿಯುತ್ತವೆ. ತಡೆಯಬೇಕೆಂದರೆ ಯಾರಾದರೂ ಬಾಯಿ ಬಿಟ್ಟು ಹೇಳಬೇಕು.

ತಾತ ಕಿವಿಯ ಯಂತ್ರ ಹಾಕಿಕೊಂಡು ತಿಂಡಿಗೆ ಬಂದರು. ಜನರೇಟರಿನಲ್ಲಿ ಅಷ್ಟೋ ಇಷ್ಟೋ ಚಾರ್ಜ್ ಆಗಿದ್ದ ಫೋನನ್ನು ಪುಟ್ಟಿ ಅವರ ಕಿವಿಯ ಹತ್ತಿರ ಹಿಡಿದಳು. ತಾತ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ "ಇನ್ನೊಂದು ಸಲ ಹಾಕು" ಎಂದರು. ಮೂರು ಸಲ ಕೇಳಿದರು. ಇಡ್ಲಿಯಿಲ್ಲದ ಆ ತಿಂಡಿಯನ್ನು ಅವರು ಅವತ್ತು ದೂರಲಿಲ್ಲ.

ಅವತ್ತಿನಿಂದ ನಮ್ಮ ಪದ್ಧತಿ ಬದಲಾಯಿತು. ಪ್ರತಿ ಸಂಜೆ ಅಳಿಯಂದಿರ ಫೋನಿಗೆ ಪುಟ್ಟ ಕಾರ್ಡ್ ರೀಡರ್ ಸಿಕ್ಕಿಸಿ, ಆ ದಿನದ ಫೋಟೊಗಳನ್ನು ಬೆಂಕಿಪೊಟ್ಟಣದಷ್ಟಿರುವ ಎಸ್‌ಎಸ್‌ಡಿಗೆ ನಕಲು ಮಾಡುವುದು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿರುತ್ತವೆ. ಆ ರಸ್ತೆಯ ಕುಲುಕಾಟ ಅವಕ್ಕೆ ಒಳ್ಳೆಯದಲ್ಲ. ಎಸ್‌ಎಸ್‌ಡಿಯಲ್ಲಿ ಅಲುಗುವ ಭಾಗವೇ ಇಲ್ಲ. ನಕಲಾದ ಮೇಲೂ ಕಾರ್ಡಿನಿಂದ ಅಳಿಸುವಂತಿಲ್ಲ. ಕಾರ್ಡು ಪುಟ್ಟಿಯ ಚೀಲದಲ್ಲಿ, ನಕಲು ಅವಳ ಮಾವನ ಜೇಬಿನಲ್ಲಿ. ಬಿಡಾರದ ಇಂಟರ್‌ನೆಟ್ ಬಸವನ ಹುಳು. ಒಂದು ಫೋಟೊ 8 ಎಂಬಿ ಎಂದರೆ ಸಾವಿರ ಫೋಟೊಗೆ 8 ಜಿಬಿ. ಅದನ್ನು ಕಳಿಸುತ್ತ ಕೂತರೆ ದೀಪಾವಳಿ ಬರುತ್ತದೆ. ಆದ್ದರಿಂದ ದಿನಕ್ಕೆ ಹತ್ತು ಒಳ್ಳೆಯ ಫೋಟೊ ಆರಿಸಿ ಮೈಸೂರಿನಲ್ಲಿದ್ದ ಅವಳ ಅಪ್ಪ ಅಮ್ಮನಿಗೆ ಕಳಿಸಿದೆವು.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಇದನ್ನು '3-2-1' ಎಂಬ ಸೂತ್ರವಾಗಿ ಜನಪ್ರಿಯಗೊಳಿಸಿದ್ದಾರೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೇಳಿದಾಗ ನನಗೆ ನಮ್ಮಪ್ಪ ನೆನಪಾದರು. ಅವರು ಬಿತ್ತನೆಯ ಭತ್ತವನ್ನು ಎಂದೂ ಒಂದೇ ಕಡೆ ಇಟ್ಟವರಲ್ಲ. ಸ್ವಲ್ಪ ಅಟ್ಟದ ಮೇಲೆ, ಸ್ವಲ್ಪ ಕಣಜದಲ್ಲಿ, ಸ್ವಲ್ಪ ದೊಡ್ಡಪ್ಪನ ಮನೆಯಲ್ಲಿ. ಊಟದ ಅಕ್ಕಿ ಹೋದರೆ ಕೊಂಡು ತರಬಹುದು, ಬೀಜ ಹೋದರೆ ಏನು ಮಾಡುತ್ತೀರಿ ಎನ್ನುತ್ತಿದ್ದರು.

ನೈರೋಬಿಗೆ ಮರಳಿದ ರಾತ್ರಿ ಅಳಿಯಂದಿರು ಬೀಗ ಹಾಕಿದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, 'ಫೋಟೊರೆಕ್' ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರು. ಅದು ಪಟ್ಟಿಯನ್ನು ನೋಡುವುದಿಲ್ಲ. ಕಪಾಟುಗಳನ್ನೇ ಒಂದೊಂದಾಗಿ ತಡಕಿ, ಫೋಟೊದ ಹಾಗೆ ಕಂಡದ್ದನ್ನು ಎತ್ತಿ ಬೇರೆ ಜಾಗದಲ್ಲಿ ಇಡುತ್ತದೆ. ನಾವೆಲ್ಲ ಸುತ್ತ ಕೂತಿದ್ದೆವು. ಎಣಿಕೆ ಏರುತ್ತಾ ಹೋಯಿತು. ನೂರು, ಇನ್ನೂರು, ಐನೂರು. ಪುಟ್ಟಿ ಉಗುರು ಕಚ್ಚುತ್ತಿದ್ದಳು. ನಾನು ಬೈಯಲಿಲ್ಲ.

1,139 ಫೋಟೊ ಬಂದವು. ಹೆಸರೆಲ್ಲ ಕಳೆದುಹೋಗಿ, ಬರೀ ಅಂಕಿಗಳ ಹೆಸರು ಹೊತ್ತುಕೊಂಡು ಬಂದವು. ಆದರೆ ಪ್ರತಿ ಫೋಟೊದೊಳಗೆ ಅದನ್ನು ತೆಗೆದ ದಿನ, ಸಮಯ ಬರೆದಿರುತ್ತದೆ. ಅದನ್ನು ಹಿಡಿದು ಪುಟ್ಟಿ ಸಾಲಾಗಿ ಜೋಡಿಸಿದಳು. ಸೂರ್ಯೋದಯದ ಸಿಂಹ ಬೆಳಿಗ್ಗೆ ಒಂಬತ್ತು ಗಂಟೆಯದೆಂದು ತೋರಿಸಿದಾಗ ಎಲ್ಲರಿಗೂ ಆಶ್ಚರ್ಯ. ಮಕ್ಕಳೇ, ಏಕೆ ಹೇಳಿ? ಕ್ಯಾಮೆರಾದ ಗಡಿಯಾರ ಇನ್ನೂ ಮೈಸೂರಿನಲ್ಲೇ ಇತ್ತು! ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಎರಡು ವಿಡಿಯೊಗಳು ಮಾತ್ರ ತೆರೆಯಲಿಲ್ಲ. ದೊಡ್ಡ ಫೈಲುಗಳು ಕಾರ್ಡಿನಲ್ಲಿ ತುಂಡು ತುಂಡಾಗಿ ಹರಡಿಕೊಂಡಿರಬಹುದು. ಅವನ್ನು ಕೂಡಿಸುವುದು ಕಷ್ಟ.

1,140ರಲ್ಲಿ ಒಂದು ಕಡಿಮೆ. ಯಾವುದು? ನಾನು ತೆಗೆದ ಲಾಟೀನಿನ ಫೋಟೊ ಕಾರ್ಡಿನ ಮೊದಲ ಜಾಗದಲ್ಲಿ ಕೂತಿತ್ತು. ಅಲ್ಲಿ ಮೊದಲು ಇದ್ದದ್ದು ರಿಫ್ಟ್ ಕಣಿವೆಯ ಮುಂದೆ ಚಹಾ ಲೋಟ ಹಿಡಿದ ತಾತ.

ನನ್ನ ಮುಖ ನೋಡಿ ತಾತ ನಕ್ಕರು. "ಹೋಗಲಿ ಬಿಡೆ, ಆ ಟೋಪಿಯಲ್ಲಿ ನಾನು ಚೆನ್ನಾಗಿ ಕಾಣ್ತಿರಲಿಲ್ಲ."

ಊರಿಗೆ ಬಂದ ಮೇಲೆ ಅರವತ್ತು ಫೋಟೊಗಳನ್ನು ಕಾಗದದ ಮೇಲೆ ಹಾಕಿಸಿ ಆಲ್ಬಮ್ ಮಾಡಿದೆವು. ಸಿಂಹವೇ ಮೊದಲಿರಲಿ ಎಂದು ನಾನೆಂದೆ. ಪುಟ್ಟಿ ಒಪ್ಪಲಿಲ್ಲ. ಮೊದಲ ಪುಟದಲ್ಲಿ ಲಾಟೀನಿನ ಫೋಟೊ ಅಂಟಿಸಿ, ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾಳೆ: 'ಇದರ ಹಿಂದೆ ತಾತ ಇದ್ದಾರೆ.'

ಕೈಚೀಲದ ಚೀಟಿ

ಪ್ರಯಾಣ ಹೊರಡುವ ಮುನ್ನ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಮಕ್ಕಳು ಓದಿ ಹೇಳಲಿ, ಹಿರಿಯರು ಮಾಡಲಿ. ತಿರುಗಿಸಿದರೂ ಆದೀತು.

1. ಹೋಗುವ ದೇಶದ ಪ್ಲಗ್ಗಿನ ಆಕಾರ, ವೋಲ್ಟೇಜು ಮೊದಲೇ ವಿಚಾರಿಸಿ. ಒಂದು ಅಡಾಪ್ಟರು, ಒಂದು ಎಕ್ಸ್‌ಟೆನ್ಷನ್ ಬೋರ್ಡು ಸಾಕು.

2. ಪವರ್ ಬ್ಯಾಂಕು, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ.

3. ಕರೆಂಟು ಕಡಿಮೆ ಇರುವ ಕಡೆ, ಮನೆಯವರ ಆರೋಗ್ಯಕ್ಕೆ ಬೇಕಾದ ಯಂತ್ರಕ್ಕೆ ಮೊದಲ ಸರದಿ.

4. ಒಂದೇ ಥರದ ಕಾರ್ಡುಗಳಿಗೆ ಗುರುತು ಹಾಕಿ. ತುಂಬಿದ ಕಾರ್ಡಿಗೆ ಕೂಡಲೇ ಚಿಲಕ ಎಳೆಯಿರಿ. ಕ್ಯಾಮೆರಾದ ಗಡಿಯಾರವನ್ನು ಆ ಊರಿನ ಸಮಯಕ್ಕೆ ತಿರುಗಿಸಿ.

5. ಪ್ರತಿ ಸಂಜೆ ನಕಲು ಮಾಡಿ. ಅಸಲು, ನಕಲು ಒಂದೇ ಚೀಲದಲ್ಲಿ ಬೇಡ.

6. ಕಾರ್ಡಿನಲ್ಲಿ ಏನಾದರೂ ಅಳಿಸಿಹೋದರೆ ಅದನ್ನು ಬಳಸುವುದನ್ನು ಅಲ್ಲೇ ನಿಲ್ಲಿಸಿ. ಫೋನಿನಲ್ಲಾದರೆ ಮೊದಲು ಅದರ ಕಸದ ಬುಟ್ಟಿಯಲ್ಲಿ ಹುಡುಕಿ. ಹಲವು ಫೋನುಗಳಲ್ಲಿ ಅಳಿಸಿದ ಚಿತ್ರಗಳು ಸುಮಾರು 30 ದಿನ ಅಲ್ಲಿರುತ್ತವೆ.

7. ಅಳಿಸಿದವರು ನೀವೇ ಆದರೆ, ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಹೇಳಿ.

ಈ ಭಾನುವಾರ ಒಂದು ಕೆಲಸ. ಮಕ್ಕಳೇ, ಅಜ್ಜಿಯ ಅಥವಾ ತಾತನ ಫೋನಿನಲ್ಲಿರುವ ಫೋಟೊಗಳಲ್ಲಿ ಅವರಿಗೆ ತುಂಬ ಇಷ್ಟವಾದ ಹತ್ತನ್ನು ಅವರ ಪಕ್ಕದಲ್ಲೇ ಕೂತು ಆರಿಸಿ, ಇನ್ನೊಂದು ಕಡೆ ನಕಲು ಮಾಡಿಕೊಡಿ. ಒಂದೊಂದು ಫೋಟೊದ ಕತೆಯನ್ನೂ ಕೇಳಿ. ಕತೆಗೆ ಚಾರ್ಜರ್ ಬೇಡ.

ಮುಂದಿನ ವಾರ ಕೈಚೀಲದಿಂದ ಇನ್ನೊಂದು ವಸ್ತು ತೆಗೆಯುತ್ತೇನೆ. ಅಲ್ಲಿಯವರೆಗೆ, ಪೋಲೆ ಪೋಲೆ!